14ರ ಕೆಂಪಿ, ಮೂರು ಬಗೆಯ ಒದ್ದೆ: ನನ್ನ ಅನುಭವ

ಈ ತಿಂಗಳು ನಮ್ಮ ಮುದಿ ನಾಯಿ ಕೆಂಪಿ ಮನೆಯೊಳಗೆ ಉಚ್ಚೆ ಮಾಡಿದ್ದು 4 ಸಲ. ಒಂದು ವರ್ಷದ ಹಿಂದೆ ತಿಂಗಳಿಗೆ 60ರ ಆಸುಪಾಸು ಇತ್ತು. ಅಂಕಿಗಳನ್ನು ನೆನಪಿನಿಂದ ಬರೆಯುತ್ತಿದ್ದೇನೆ, ಸ್ವಲ್ಪ ಹೆಚ್ಚುಕಮ್ಮಿ ಇರಬಹುದು. "ವಯಸ್ಸಾಯ್ತು, ಇನ್ನು ಹೀಗೇ, ಹೊರಗೆ ಕಟ್ಟಿಹಾಕು" ಅಂತ ಹೇಳದವರೇ ಇಲ್ಲ. ನಮ್ಮಣ್ಣನಂತೂ ಇಂಜೆಕ್ಷನ್ ಕೊಡಿಸಿ ಮುಗಿಸಿಬಿಡು ಅಂದ. ಅವನೇ ಹೋದ ವಾರ ಬಂದು ಎರಡು ದಿನ ಇದ್ದು, "ಮನೇಲಿ ವಾಸನೇನೇ ಇಲ್ವಲ್ಲೋ" ಅಂತ ಕೇಳಿದ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೆಂಪಿ 22 ಕೆಜಿ, ಮಿಶ್ರ ತಳಿ, ಚಿಕ್ಕಂದಿನಲ್ಲೇ ಗರ್ಭಕೋಶದ ಆಪರೇಷನ್ ಆಗಿದೆ. 13 ವರ್ಷ ಅವಳು ಒಂದು ದಿನವೂ ಒಳಗೆ ಮಾಡಿದವಳಲ್ಲ. ಭೇದಿ ಆಗಿದ್ದಾಗ ಕೂಡ ಬಾಗಿಲು ಕೆರೆದು ಎಬ್ಬಿಸಿದ್ದಳು. ಅಂಥವಳು ಒಂದು ಬೆಳಿಗ್ಗೆ ಹಜಾರದ ಮಧ್ಯೆ ನಿಂತು ಸುರಿಸಿದಾಗ ನಾನು ಗದರಿಸಿದೆ. ಗದರಿಸಿದ್ದು ಅದೊಂದೇ ಸಲ. ಆದರೆ ಅಷ್ಟಕ್ಕೇ ಅವಳು ನನ್ನ ಕಣ್ಣು ತಪ್ಪಿಸಿ ಸೋಫಾ ಹಿಂದೆ ಹೋಗಿ ಮಾಡೋದಕ್ಕೆ ಶುರು ಮಾಡಿದಳು. ಆ ಭಯ ಬಿಡಿಸೋಕೆ ಎರಡು ತಿಂಗಳು ಹಿಡಿಯಿತು.

ಮೊದಲ ಮೂರು ತಿಂಗಳ ತಪ್ಪುಗಳನ್ನು ಹೇಳಿಬಿಡುತ್ತೇನೆ. ಮರಿಗೆ ಕಲಿಸಿದ ಹಾಗೆ ಮತ್ತೆ ಮೊದಲಿನಿಂದ ಕಲಿಸೋಕೆ ಹೋದೆ. ಉಪಯೋಗವಾಗಲಿಲ್ಲ, ಯಾಕಂದರೆ ಅವಳು ಮರೆತಿರಲಿಲ್ಲ. ಸಂಜೆ ಆರರ ಮೇಲೆ ನೀರು ಕಡಿಮೆ ಮಾಡಿದೆ. ಉಚ್ಚೆ ಕಡು ಹಳದಿಯಾಯಿತು, ವಾಸನೆ ಜಾಸ್ತಿಯಾಯಿತು, ಒದ್ದೆ ಮಾತ್ರ ನಿಲ್ಲಲಿಲ್ಲ. ದಯವಿಟ್ಟು ಮುದಿ ನಾಯಿಗೆ ನೀರು ನಿಲ್ಲಿಸಬೇಡಿ. ಆಮೇಲೆ ಡಯಾಪರ್. ನಾಯಿಗಳ ಡಯಾಪರ್ ಖರ್ಚು ಅವಳ ತಿಂಗಳ ಊಟದ ಖರ್ಚನ್ನೇ ದಾಟಿತು. ಮಕ್ಕಳ ಡಯಾಪರ್ ತಂದು ಬಾಲಕ್ಕೆ ತೂತು ಮಾಡಿ, ತೂತಿನ ಅಂಚಿಗೆ ಟೇಪ್ ಅಂಟಿಸಿದರೆ ಖರ್ಚು ಅರ್ಧಕ್ಕಿಂತ ಕಡಿಮೆ ಬೀಳುತ್ತೆ, ಅದು ನಿಜ. ಆದರೆ ರಾತ್ರಿಯಿಡೀ ಹಾಕಿ ಬಿಟ್ಟಿದ್ದಕ್ಕೆ ತೊಡೆಸಂದಿಯ ಚರ್ಮ ಕೆಂಪಾಗಿ ಸುಲಿದುಹೋಯಿತು. ಅದಕ್ಕೆ ಮಕ್ಕಳ ರ‍್ಯಾಷ್ ಕ್ರೀಮ್ ಹಚ್ಚಲು ಹೊರಟಿದ್ದೆ, ಡಾಕ್ಟರು ತಡೆದರು. ಅದರಲ್ಲಿ ಜಿಂಕ್ ಇರುತ್ತೆ, ನಾಯಿ ನೆಕ್ಕಿದರೆ ವಿಷ. ಬೆಚ್ಚನೆ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ತೆಳ್ಳಗೆ ವ್ಯಾಸಲೀನ್ ಹಚ್ಚಿದೆ, ಅಷ್ಟೇ ಸಾಕಾಯಿತು. ಆ ಮೂರು ತಿಂಗಳಲ್ಲಿ ಖರ್ಚು ಮಾಡಿದ ದುಡ್ಡಿನಲ್ಲಿ ಅರ್ಧ ಡಯಾಪರಿಗೆ ಹೋಯಿತು, ಕಾಲು ಭಾಗ ನೆಲ ಒರೆಸುವ ದ್ರಾವಣಗಳಿಗೆ. ಕೆಲಸಕ್ಕೆ ಬಂದದ್ದು ಉಳಿದ ಕಾಲು ಭಾಗ ಮಾತ್ರ.

ತಿರುವು ಸಿಕ್ಕಿದ್ದು ಒಂದು ಹಳೇ ನೋಟ್‌ಬುಕ್ಕಿನಿಂದ. ಪ್ರತಿ ಸಲ ಒದ್ದೆಯಾದಾಗ ಎಷ್ಟು ಗಂಟೆ, ಎಲ್ಲಿ, ಮಲಗಿದ್ದಳೋ ನಿಂತಿದ್ದಳೋ, ಎಷ್ಟು ದೊಡ್ಡದು, ಕೊನೆಗೆ ಯಾವಾಗ ನೀರು ಕುಡಿದಳು, ಇಷ್ಟನ್ನು ಬರೆದೆ. ಎರಡು ವಾರ ಬರೆದು ಒಂದು ಸಂಜೆ ಕೂತು ನೋಡಿದರೆ, ನಾನು ಒಂದೇ ಕಾಯಿಲೆ ಅಂದುಕೊಂಡಿದ್ದು ಮೂರು ಬೇರೆ ಬೇರೆ ಸಂಗತಿ ಆಗಿತ್ತು. ಒಂದು, ನಿದ್ದೆಯಲ್ಲಿ ಹಾಸಿಗೆ ಒದ್ದೆ. ಎದ್ದ ಮೇಲೆ ಅವಳೇ ಗಾಬರಿಯಾಗಿ ಮೂಸುತ್ತಿದ್ದಳು. ಇನ್ನೊಂದು, ಬಾಗಿಲಿನಿಂದ ನಾಲ್ಕಡಿ ಈಚೆಗೆ ದೊಡ್ಡ ಮಡು, ಹೆಚ್ಚಾಗಿ ಬೆಳಗಿನ ಜಾವ. ಮೂರನೆಯದು, ರಾತ್ರಿ ಎರಡು ಮೂರು ಗಂಟೆಗೆ, ಬೀರು ಪಕ್ಕದ ಮೂಲೆಯಂಥ ವಿಚಿತ್ರ ಜಾಗದಲ್ಲಿ. ಇಷ್ಟು ತಿಳಿದ ಮೇಲೆ ಒಂದೊಂದಕ್ಕೂ ಬೇರೆ ಬೇರೆ ದಾರಿ ಹುಡುಕಬೇಕು, ಅಲ್ವಾ?

ನಿದ್ದೆಯಲ್ಲಿ ಒದ್ದೆಯಾಗುವುದಕ್ಕೆ ಔಷಧಿಯೇ ದಾರಿ. ಅದಕ್ಕೆ ಮುಂಚೆ ಉಚ್ಚೆ ಪರೀಕ್ಷೆ. ಬೆಳಗಿನ ಮೊದಲ ಉಚ್ಚೆ ಹಿಡಿಯೋಕೆ ಉದ್ದ ಹಿಡಿಯ ಸೌಟು ಬೇಕು. ಬಟ್ಟಲು ಹಿಡಿದು ಬಗ್ಗಿದರೆ ಹೆಣ್ಣು ನಾಯಿ ಅರ್ಧಕ್ಕೇ ಎದ್ದುಬಿಡುತ್ತೆ. ನನಗೆ ಮೂರು ದಿನ ಹಿಡಿಯಿತು. ಸೋಂಕು ಇತ್ತು. ಕಲ್ಚರ್ (ಯಾವ ರೋಗಾಣು, ಅದಕ್ಕೆ ಯಾವ ಔಷಧಿ ಅಂತ ನೋಡುವ ಪರೀಕ್ಷೆ) ಮಾಡಿಸಿ ಸರಿಯಾದ ಆಂಟಿಬಯಾಟಿಕ್ ಕೊಟ್ಟ ಮೇಲೆ ಎಲ್ಲಾ ಸೇರಿ ಒದ್ದೆ ಮೂರನೇ ಒಂದು ಭಾಗ ಕಡಿಮೆಯಾಯಿತು. ಅದಕ್ಕಿಂತ ಮುಂಚೆ ಕಲ್ಚರ್ ಇಲ್ಲದೆ ಒಂದು ಕೋರ್ಸ್ ಕೊಡಿಸಿದ್ದೆ, ಆ ದುಡ್ಡು ನೀರಲ್ಲಿ ಹೋಯಿತು. ಉಳಿದ ಸೋರಿಕೆ ಮೂತ್ರದ ಬಾಯಿ ಸಡಿಲವಾಗಿದ್ದರಿಂದ. ಆಪರೇಷನ್ ಆದ ಹೆಣ್ಣು ನಾಯಿಗಳಲ್ಲಿ ಇದು ಸಾಮಾನ್ಯ. ಬಿಪಿ ನೋಡಿ, ಆ ಬಾಯಿಯನ್ನು ಬಿಗಿ ಮಾಡುವ ಫೀನೈಲ್‌ಪ್ರೊಪನೋಲಮೀನ್ ಮಾತ್ರೆ ಬರೆದುಕೊಟ್ಟರು. ಒಂದು ವಾರದೊಳಗೆ ಹಾಸಿಗೆ ಒಣಗಿತು. ಅದನ್ನು ನುಂಗಿಸುವುದಕ್ಕೆ ನನ್ನದೇ ಒಂದು ಉಪಾಯ ಇದೆ, ಅದು ನನ್ನ ಹತ್ತಿರವೇ ಇರಲಿ.

ಬಾಗಿಲ ಹತ್ತಿರದ ಮಡು ಕಾಲಿನ ಕಥೆ. ಒಂದು ಬೆಳಿಗ್ಗೆ ಸುಮ್ನೆ ಕೂತು ನೋಡಿದೆ. ಎದ್ದಳು, ಹಾಸಿಗೆಯ ಅಂಚಿಗೆ ಬಂದಳು, ಮುಂಗಾಲು ಎರಡನ್ನೂ ಟೈಲ್ಸ್ ಮೇಲೆ ಇಟ್ಟಳು. ಹಿಂಗಾಲು ಇಡೋಕೆ ಧೈರ್ಯ ಸಾಲದೆ ಅಲ್ಲೇ ನಿಂತಳು. ಉಗುರು ಟಕ ಟಕ ಅನ್ನುತ್ತಿತ್ತು, ತೊಡೆ ನಡುಗುತ್ತಿತ್ತು. ಕೊನೆಗೆ ಗೋಡೆ ಹಿಡಿದುಕೊಂಡು ಬಾಗಿಲ ಕಡೆ ಹೊರಟು, ನಾಲ್ಕಡಿ ಉಳಿದಿದೆ ಅನ್ನುವಾಗ ಹರಿದೇ ಹೋಯಿತು. ಅವಳು ಬಾಗಿಲನ್ನೇ ನೋಡುತ್ತಾ ನಿಂತಿದ್ದಳು. ಇಂಥ ನಾಯಿಗೆ ನಾನು ಹೊಸದಾಗಿ ಏನು ಕಲಿಸಬೇಕಿತ್ತು, ಹೇಳಿ.

ಹಾಸಿಗೆಯಿಂದ ಬಾಗಿಲವರೆಗೆ ರಬ್ಬರ್ ಮ್ಯಾಟ್ ಹಾಸಿದೆ. ಮಧ್ಯೆ ಒಂದಡಿ ಕೂಡ ಖಾಲಿ ಬಿಡಬಾರದು, ಖಾಲಿ ಬಿಟ್ಟ ಕಡೆಯೇ ನಿಂತುಬಿಡುತ್ತಾಳೆ. ಪಾದದಡಿಯ ಮೆತ್ತೆಗಳ ಮಧ್ಯೆ ಬೆಳೆದ ಕೂದಲು ಕತ್ತರಿಸಿದೆ, ಉಗುರು ತೆಗೆದೆ. ಎರಡು ಮೆಟ್ಟಿಲಿನ ಮೇಲೆ ಹಲಗೆ ಹಾಕಿ, ಅದರ ಮೇಲೂ ಮ್ಯಾಟ್ ಅಂಟಿಸಿದೆ. ಕಿಡ್ನಿ, ಲಿವರ್ ಪರೀಕ್ಷೆ ಮಾಡಿಸಿ ಕೀಲುನೋವಿಗೆ ಡಾಕ್ಟರು ನಾಯಿಗಳ ಮಾತ್ರೆ ಕೊಟ್ಟರು. ಮನುಷ್ಯರ ನೋವಿನ ಮಾತ್ರೆ ಕೊಡೋದು ಎಷ್ಟು ಅಪಾಯ ಅಂತ ನಿಮಗೆಲ್ಲಾ ಗೊತ್ತೇ ಇದೆ. ಇಡೀ ವರ್ಷದಲ್ಲಿ ಅತಿ ಕಡಿಮೆ ಖರ್ಚು ಆ ಮ್ಯಾಟಿನದು, ಅತಿ ಹೆಚ್ಚು ಕೆಲಸ ಮಾಡಿದ್ದೂ ಅದೇ. ಮ್ಯಾಟ್ ಹಾಸೋಣ ಅಂದಾಗ ಡಾಕ್ಟರು ಕೂಡ ಅಷ್ಟು ನಂಬಿರಲಿಲ್ಲ. ಮುಂದಿನ ಸಲ ಹೋದಾಗ ಫೋಟೋ ತೋರಿಸಿದೆ, ಈಗ ಬೇರೆಯವರಿಗೂ ಹೇಳುತ್ತಾರಂತೆ.

ಮೂರನೆಯದು ಕಷ್ಟ. ರಾತ್ರಿ ಎದ್ದು ಬಾಗಿಲಿಗೆ ಹೋಗುತ್ತಾಳೆ, ಆದರೆ ತೆರೆಯುವ ಕಡೆ ನಿಲ್ಲದೆ ತಿರುಗಣಿ ಇರುವ ಕಡೆ ಗೋಡೆಗೆ ಮೂಗು ಒತ್ತಿ ನಿಲ್ಲುತ್ತಾಳೆ. ಅಲ್ಲೇ ಕಾಯುತ್ತಾಳೆ, ಆಮೇಲೆ ಮೂಲೆಗೆ ಹೋಗಿ ಮಾಡುತ್ತಾಳೆ. ಇದು ಮುಪ್ಪಿನ ಮರೆವು. ಅಮೆರಿಕದಲ್ಲಿ 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 11-12 ವರ್ಷದ ನಾಯಿಗಳಲ್ಲಿ ಶೇ. 28ಕ್ಕೆ, 15-16 ವರ್ಷದವುಗಳಲ್ಲಿ ಶೇ. 68ಕ್ಕೆ ಇದರ ಒಂದಾದರೂ ಲಕ್ಷಣ ಇತ್ತು. ಅದನ್ನು ಡಾಕ್ಟರು ಹೇಳಿದಾಗ, ಇದು ನನ್ನ ನಾಯಿಗೆ ಮಾತ್ರ ಬಂದಿದ್ದಲ್ಲ ಅಂತ ಸ್ವಲ್ಪ ಸಮಾಧಾನವಾಯಿತು. ಇದಕ್ಕೆ ಸೆಲೆಜಿಲೀನ್ ಅಂತ ಮಾತ್ರೆ ಇದೆ. ಆದರೆ ಸೋರಿಕೆಯ ಮಾತ್ರೆ ಕೊಡುವಾಗ ಅದನ್ನು ಕೊಡುವಂತಿಲ್ಲ, ಎರಡೂ ಸೇರಿದರೆ ಬಿಪಿ ಏರುತ್ತೆ. ಇದನ್ನು ತಿಳಿಯದೆ ಇಬ್ಬರು ಡಾಕ್ಟರ ಹತ್ತಿರ ಎರಡೂ ಬರೆಸಿಕೊಂಡವರು ಇದ್ದರೆ ಈಗಲೇ ಕೇಳಿ ನೋಡಿ. ನಾನು ಸೋರಿಕೆಯ ಮಾತ್ರೆಯನ್ನೇ ಉಳಿಸಿಕೊಂಡೆ, ಮರೆವಿಗೆ ಮನೆಯನ್ನೇ ಬದಲಾಯಿಸಿದೆ.

ಹಾಸಿಗೆ ಹತ್ತಿರ, ದಾರಿಯಲ್ಲಿ, ಬಾಗಿಲ ಹತ್ತಿರ ಮೂರು ಮಂಕು ದೀಪ. ತಿರುಗಣಿಯ ಮೂಲೆಗೆ ಅಡ್ಡ ಒಂದು ಬುಟ್ಟಿ, ಹಾಗಾಗಿ ಅವಳ ಮೂಗು ತಾನೇ ತೆರೆಯುವ ಕಡೆಗೆ ತಿರುಗುತ್ತೆ. ರಾತ್ರಿ ಅವಳಿಗೆ ಒಂದೇ ಕೋಣೆ. ನೋಟ್‌ಬುಕ್ಕಿನ ಪ್ರಕಾರ ಮೂಲೆಯ ಉಚ್ಚೆ ಯಾವಾಗಲೂ 2.40ರಿಂದ 3.10ರ ಒಳಗೆ. ಅದಕ್ಕೆ 2.15ಕ್ಕೆ ಅಲಾರಂ ಇಟ್ಟೆ. ಕಿವಿ ಕೇಳಿಸದ ಕಾರಣ ಕರೆಯೋದಿಲ್ಲ. ಮೊದಲು ಹಾಸಿಗೆಯನ್ನು ಮೆಲ್ಲಗೆ ಒತ್ತುತ್ತೇನೆ, ಆಮೇಲೆ ಭುಜ ಮುಟ್ಟುತ್ತೇನೆ. ಕೊರಳಿಗೆ ಬೆಲ್ಟ್ ಹಾಕಿ ದಿನಾ ಅದೇ ದಾರಿಯಲ್ಲಿ, ಅದೇ ಜಾಗಕ್ಕೆ ಕರೆದುಕೊಂಡು ಹೋಗುತ್ತೇನೆ. ಆ ಜಾಗದಲ್ಲಿ ನಾನು ಒಂದು ಚಿಕ್ಕ ಕೆಲಸ ಮಾಡಿಟ್ಟಿದ್ದೇನೆ, ಒಂದು ನಿಮಿಷದಲ್ಲಿ ಮುಗಿಸಿ ವಾಪಸ್ ಬರುತ್ತಾಳೆ. ಅದನ್ನು ಇನ್ನೂ ಎರಡು ನಾಯಿಗಳ ಮೇಲೆ ನೋಡಿ ಆಮೇಲೆ ಹೇಳುತ್ತೇನೆ. ಒಂದು ತಿಂಗಳು ಸರಿಯಾಗಿ ನಡೆದ ಮೇಲೆ ನಾಲ್ಕೈದು ದಿನಕ್ಕೊಮ್ಮೆ ಅಲಾರಂ ಸುಮಾರು ಹತ್ತು ನಿಮಿಷ ಮುಂದಕ್ಕೆ ಹಾಕಿದೆ. ಈಗ 4.20ಕ್ಕೆ ಬಂದು ನಿಂತಿದೆ. 4.30 ಮಾಡಿದ ಮೂರು ರಾತ್ರಿಯೂ ಮೂಲೆ ಒದ್ದೆಯಾಯಿತು, ಹಾಗಾಗಿ ವಾಪಸ್ ಬಂದೆ.

ಮಧ್ಯೆ ಕೆಲವು ಪ್ರಯೋಗ ಮಾಡಿದೆ. ಉಚ್ಚೆ ಹೀರಿಕೊಳ್ಳುವ ಪ್ಯಾಡ್ ಹಾಸಿದರೆ ಅದರ ಮೇಲೆ ಮಲಗುತ್ತಿದ್ದಳು. 13 ವರ್ಷ ಮಣ್ಣಿನ ಮೇಲೆ ಮಾಡಿದವಳಿಗೆ ಪ್ಯಾಡ್ ಅಂದರೆ ಹಾಸಿಗೆಯೇ. ಅವಳ ಜಾಗದ ಒಂದು ಹಿಡಿ ಮಣ್ಣು ಅದರ ಮೇಲೆ ಹಾಕಿದ ಮೇಲೆ ಮೂರಕ್ಕೆ ಒಂದು ಸಲ ಅಲ್ಲೇ ಮಾಡಿದಳು. ಕೃತಕ ಹುಲ್ಲಿನ ಟ್ರೇ ತಂದಿದ್ದು ಪೂರ್ತಿ ದಂಡ. ಒಗೆದು ಮತ್ತೆ ಬಳಸುವ ಆರು ಪ್ಯಾಡ್ ತೆಗೆದುಕೊಂಡಿದ್ದು ಒಳ್ಳೆಯದಾಯಿತು, ಎರಡೇ ತಿಂಗಳಲ್ಲಿ ಹಾಕಿದ ದುಡ್ಡು ವಾಪಸ್ ಬಂತು.

ಪ್ಯಾಡನ್ನು ತೂಕ ಮಾಡಿ ನೋಡುವುದು ಸುಮ್ನೆ ಕುತೂಹಲಕ್ಕೆ ಶುರುವಾಗಿದ್ದು. ಒಣ ಪ್ಯಾಡ್ ತೂಕ ಕಳೆದರೆ ಒಂದು ಸಲಕ್ಕೆ 180 ಗ್ರಾಂ ಹತ್ತಿರ ಬರುತ್ತಿತ್ತು. ಒಂದು ವಾರ ಇದ್ದಕ್ಕಿದ್ದಂತೆ 300 ದಾಟಿತು. ನೀರಿನ ಬಟ್ಟಲಿಗೆ ಅಳೆದು ಹಾಕಿ ನೋಡಿದರೆ ದಿನಕ್ಕೆ 2.3 ಲೀಟರ್ ಕುಡಿಯುತ್ತಿದ್ದಾಳೆ. ಕೆಜಿಗೆ 100 ಎಂಎಲ್ ದಾಟಿದರೆ ಡಾಕ್ಟರಿಗೆ ತೋರಿಸಲೇಬೇಕು, ಅವಳಿಗೆ ಆ ಗಡಿ 2.2 ಲೀಟರ್. ಸಕ್ಕರೆ ಕಾಯಿಲೆಯೋ ಕಿಡ್ನಿಯೋ ಅಂತ ಹೆದರಿಕೊಂಡೇ ಹೋದೆ. ತುರಿಕೆಗೆ ಕೊಡುತ್ತಿದ್ದ ಸ್ಟಿರಾಯ್ಡ್ ಮಾತ್ರೆಯಿಂದ ಅಂತ ತಿಳಿಯಿತು. ಅದನ್ನು ಒಮ್ಮೆಲೇ ನಿಲ್ಲಿಸಬಾರದು, ಡಾಕ್ಟರು ಹಂತ ಹಂತವಾಗಿ ಇಳಿಸಿದರು. ಎರಡು ವಾರದಲ್ಲಿ ನೀರು 1.3 ಲೀಟರಿಗೆ ಬಂತು. ತೂಕ ಮಾಡದೇ ಇದ್ದಿದ್ದರೆ ನಾನೂ ವಯಸ್ಸಿನ ಮೇಲೇ ಹಾಕುತ್ತಿದ್ದೆ.

ಶುಚಿ ಮಾಡೋದರ ಬಗ್ಗೆ ಎರಡೇ ಮಾತು. ಫಿನೈಲ್ ವಾಸನೆ ಮುಚ್ಚುತ್ತೆ, ತೆಗೆಯೋದಿಲ್ಲ. ಅಮೋನಿಯಾ ಇರುವ ದ್ರಾವಣವಂತೂ ಉಚ್ಚೆಯ ವಾಸನೆಯನ್ನೇ ನೆನಪಿಸುತ್ತೆ. ಉಚ್ಚೆಯ ಅಂಶವನ್ನೇ ಒಡೆದುಹಾಕುವ ಎನ್‌ಜೈಮ್ ದ್ರಾವಣವೇ ಬೇಕು. ಹಾಕಿದ ತಕ್ಷಣ ಒರೆಸಬೇಡಿ, ಕಾಲು ಗಂಟೆಯಾದರೂ ಒದ್ದೆಯಾಗಿಯೇ ಬಿಡಿ. ಮೊದಲ ಬಾಟಲಿಯನ್ನು ನಾನು ತಕ್ಷಣ ಒರೆಸಿ ಒರೆಸಿ ಖಾಲಿ ಮಾಡಿದ್ದೆ. ಒಣಗಿದ ಉಚ್ಚೆ ಹೊಳೆಯುವಂತೆ ಮಾಡುವ ಯುವಿ ಟಾರ್ಚ್ ಹಿಡಿದು ಕತ್ತಲಲ್ಲಿ ನೋಡಿದಾಗ ನನಗೆ ಗೊತ್ತೇ ಇರದ ಮೂರು ಕಲೆ ಸಿಕ್ಕಿದವು, ಮೂರೂ ಬೀರು ಹಿಂದೆ.

ಈಗ ಉಳಿದಿರುವುದು ಕಕ್ಕದ ತೊಂದರೆ. ನಡೆಯುತ್ತಿರುವಾಗಲೇ ಒಂದೆರಡು ಉಂಡೆ ಬಿದ್ದುಹೋಗುತ್ತೆ, ಅವಳಿಗೆ ಗೊತ್ತೇ ಆಗೋದಿಲ್ಲ. ಬೆನ್ನುಹುರಿಯ ಕಡೆಯಿಂದ ಇರಬಹುದು ಅಂತ ಡಾಕ್ಟರು ಹೇಳಿದ್ದಾರೆ, ಪರೀಕ್ಷೆ ಮುಂದಿನ ವಾರ. ಅಲ್ಲಿಯವರೆಗೆ ರಾತ್ರಿ ಊಟವನ್ನು ಒಂದು ಗಂಟೆ ಮುಂಚೆ ಹಾಕಿ ನೋಡುತ್ತಿದ್ದೇನೆ. ಐದು ದಿನ ಆಯಿತು. ಮೂರು ದಿನ ಹೊರಗೇ ಮಾಡಿದ್ದಾಳೆ.