ದೊಡ್ಡ ಉಗಿ ಎಂಜಿನ್ನೋ, ಚಿಕ್ಕದೋ? ಮೊದಲು ತಿರುವು ಅಳೆಯಿರಿ

ಮಾದರಿ ರೈಲು ಕಟ್ಟುವವರಲ್ಲಿ ಹಲವರು ಎಂಜಿನ್ ತಂದ ಮೇಲೆ ಹಳಿ ಅಳೆಯುತ್ತಾರೆ. ಆಗಬೇಕಾದದ್ದು ಅದರ ತಿರುಗುಮುರುಗು. ಎಂಜಿನ್ ಎಷ್ಟು ದೊಡ್ಡದಿರಬಹುದು ಎಂಬುದನ್ನು ನಿಮ್ಮ ಲೇಔಟ್‌ನ (ಹಲಗೆಯ ಮೇಲೆ ಹಾಕಿದ ಹಳಿಗಳ ಜಾಲದ) ಅತಿ ಬಿಗಿಯಾದ ತಿರುವು ಹೇಳುತ್ತದೆ. ಎಷ್ಟು ದೊಡ್ಡದು ಬೇಕು ಎಂಬುದನ್ನು ಏರು ಮತ್ತು ಡಬ್ಬಿಗಳ ತೂಕ ಹೇಳುತ್ತವೆ. ಇಲ್ಲಿನ ಲೆಕ್ಕಗಳೆಲ್ಲ ಎಚ್‌ಒ ಅಳತೆಗೆ, ಅಂದರೆ ನಿಜದ 87ರಲ್ಲಿ ಒಂದು ಪಾಲು. ಹಳಿಗಳ ನಡುವೆ 16.5 ಮಿ.ಮೀ. ಎನ್ ಅಳತೆಯವರು ಉದ್ದಗಳನ್ನು ಸುಮಾರು ಅರ್ಧಕ್ಕೆ ಇಳಿಸಿಕೊಂಡರಾಯಿತು.

ತಿರುವಿನ ರೇಡಿಯಸ್ ಕಂಡುಹಿಡಿಯುವುದು

40 ಸೆಂ.ಮೀ. ಉದ್ದದ ನೇರ ಪಟ್ಟಿಯನ್ನು ಹೊರಗಿನ ಹಳಿಯ ಒಳಮೈಗೆ ಎರಡೂ ತುದಿ ತಾಗುವಂತೆ ಇಡಿ. ಪಟ್ಟಿಯ ನಡುವಿನಿಂದ ಅದೇ ಹಳಿಗೆ ಇರುವ ಸಂದು ಅಳೆಯಿರಿ. ಸಂದು 4.6 ಸೆಂ.ಮೀ. ಇದ್ದರೆ ರೇಡಿಯಸ್ 46 ಸೆಂ.ಮೀ., 3.7 ಇದ್ದರೆ 56, 2.7 ಇದ್ದರೆ 76. ಇದು ಹೊರ ಹಳಿಯ ಲೆಕ್ಕ. ಹಳಿಗಳ ನಡುಗೆರೆಯ ರೇಡಿಯಸ್ ಬೇಕಿದ್ದರೆ 8 ಮಿ.ಮೀ. ಕಳೆಯಿರಿ.

ಒಂದೇ ಕಡೆ ಅಳೆದು ಬಿಡಬೇಡಿ. ಬಾಗುವ ಹಳಿಯ ತುಂಡುಗಳು ಕೂಡುವಲ್ಲಿ ತುದಿಗಳು ನೇರವಾಗಲು ಎಳೆಯುತ್ತವೆ, ಆ ಜಾಗದಲ್ಲೊಂದು ಮೊಣಕೈ ಬೀಳುತ್ತದೆ. 56 ಸೆಂ.ಮೀ. ಎಂದುಕೊಂಡ ತಿರುವು ಅಲ್ಲಿ ಮಾತ್ರ 45 ಆಗಿರಬಹುದು. ದೊಡ್ಡ ಎಂಜಿನ್ ಹಳಿ ತಪ್ಪುವುದು ಅಲ್ಲೇ. ಎರಡು ತುಂಡುಗಳನ್ನು ನೇರವಾಗಿಟ್ಟು ಬೆಸುಗೆ ಹಾಕಿ, ಆಮೇಲೆ ಬಗ್ಗಿಸಿದರೆ ಈ ತೊಂದರೆ ಬರುವುದಿಲ್ಲ.

122×244 ಸೆಂ.ಮೀ. ಹಲಗೆಯ ಮೇಲೆ ಸುತ್ತು ಹಾಕುವವರಿಗೆ 56ಕ್ಕಿಂತ ದೊಡ್ಡ ತಿರುವು ಸಿಗುವುದಿಲ್ಲ: ವ್ಯಾಸವೇ 112, ಎರಡು ಅಂಚಿಗೆ ಉಳಿಯುವುದು ತಲಾ 5 ಸೆಂ.ಮೀ.

ಉದ್ದಕ್ಕಿಂತ ಬಿಗಿ ಚಕ್ರಸಾಲು ಮುಖ್ಯ

ಎಂಜಿನ್‌ಗಳನ್ನು ಮುಂದಿನ ಸಣ್ಣ ಚಕ್ರ, ಚಾಲಕ ಚಕ್ರ, ಹಿಂದಿನ ಸಣ್ಣ ಚಕ್ರಗಳ ಲೆಕ್ಕದಲ್ಲಿ ಗುರುತಿಸುತ್ತಾರೆ. 0-6-0 ಎಂದರೆ ಆರು ಚಾಲಕ ಚಕ್ರ, ಬೇರೇನೂ ಇಲ್ಲ. ಯಾರ್ಡಿನಲ್ಲಿ ಡಬ್ಬಿ ಜೋಡಿಸುವ ಎಂಜಿನ್. 2-8-0 ಸರಕು ಗಾಡಿಗೆ. ತಿರುವಿನಲ್ಲಿ ಸಿಕ್ಕಿಕೊಳ್ಳುವುದು ಒಂದೇ ಚೌಕಟ್ಟಿನಲ್ಲಿ ಬಿಗಿದ ಚಾಲಕ ಚಕ್ರಗಳ ಸಾಲು. ಹಾಗಾಗಿ ಐದು ಜೋಡಿ ಚಾಲಕ ಚಕ್ರಗಳ 2-10-2 ಮಾದರಿ 46 ಸೆಂ.ಮೀ. ತಿರುವಿನಲ್ಲಿ ತಿಣುಕುವಾಗ, ಅದಕ್ಕಿಂತ ಎಷ್ಟೋ ಉದ್ದದ 4-8-8-4 ದಾಟಿಹೋಗಬಹುದು. ಅದರ ಎಂಟು ಜೋಡಿ ಚಾಲಕ ಚಕ್ರಗಳು ನಾಲ್ಕು ನಾಲ್ಕಾಗಿ ಎರಡು ಗುಂಪು. ಮಾದರಿಗಳಲ್ಲಿ ಹಲವು ಸಲ ಎರಡು ಗುಂಪೂ ಬಾಯ್ಲರ್ ಕೆಳಗೆ ತಿರುಗುತ್ತವೆ. ನಿಜದ ಎಂಜಿನ್ನಿನಲ್ಲಿ ತಿರುಗುವುದು ಮುಂದಿನದು ಮಾತ್ರ.

ಬಿಗಿ ಸಾಲನ್ನು ತಿರುವಿಗೆ ಒಗ್ಗಿಸಲು ತಯಾರಕರು ನಡುವಿನ ಚಕ್ರಗಳಲ್ಲಿ ಹಳಿಯ ಒಳಬದಿಗೆ ಇಳಿಯುವ ಅಂಚು ತೆಗೆದಿರುತ್ತಾರೆ. ಕೊಳ್ಳುವ ಮುನ್ನ ಎಂಜಿನ್ ತಿರುವಿ ಹಾಕಿ ನೋಡಿ. ಅಂಚಿಲ್ಲದ ಚಕ್ರ ತುಂಬ ಬಿಗಿ ತಿರುವಿನಲ್ಲಿ ಹಳಿಯ ಮೇಲಿಂದ ಪಕ್ಕಕ್ಕೆ ಜಾರಿ ಒಳಗೆ ಬೀಳಬಹುದು.

ದಾಟಿತು ಎಂದ ಮಾತ್ರಕ್ಕೆ ಮುಗಿಯಲಿಲ್ಲ, ಮೂತಿ ಎಲ್ಲಿಗೆ ಹೋಗುತ್ತದೆ ನೋಡಬೇಕು. ಚಕ್ರಗುಂಪುಗಳ ಎರಡು ತಿರುಗುಬಿಂದುಗಳ ನಡುವೆ 14 ಸೆಂ.ಮೀ., ಮುಂದಿನ ಬಿಂದುವಿನಿಂದ ಮೂತಿಗೆ 8 ಸೆಂ.ಮೀ. ಇರುವ ಎಂಜಿನ್ ಎಂದುಕೊಳ್ಳಿ. 14ರ ಅರ್ಧ 7, ಅದಕ್ಕೆ 8 ಸೇರಿಸಿದರೆ 15. 15ರ ವರ್ಗದಿಂದ 7ರ ವರ್ಗ ಕಳೆದು, ರೇಡಿಯಸ್‌ನ ಎರಡರಷ್ಟರಿಂದ ಭಾಗಿಸಿ: 56 ಸೆಂ.ಮೀ. ತಿರುವಿನಲ್ಲಿ 176 ಭಾಗಿಸು 112, ಸುಮಾರು 1.6 ಸೆಂ.ಮೀ. ಮೂತಿ ನಡುಗೆರೆಯಿಂದ ಅಷ್ಟು ಹೊರಗೆ. ಎಂಜಿನ್ನಿನ ಅರ್ಧ ಅಗಲ 1.9 ಸೇರಿಸಿದರೆ 3.5. ಪಕ್ಕದ ಹಳಿ 5 ಸೆಂ.ಮೀ. ದೂರದಲ್ಲಿದ್ದರೆ ಅಲ್ಲಿ ನಿಂತ ಡಬ್ಬಿಗೆ ಉಳಿಯುವುದು 1.5, ಡಬ್ಬಿಯ ಅರ್ಧ ಅಗಲವೇ 1.7ರ ಆಸುಪಾಸು. ಡಿಕ್ಕಿ ಖಂಡಿತ. ಸುರಂಗದ ಬಾಯಿ, ಸಿಗ್ನಲ್ ಕಂಬ, ಪ್ಲಾಟ್‌ಫಾರ್ಮ್ ಅಂಚಿಗೂ ಇದೇ ಲೆಕ್ಕ. ಎರವಲು ಎಂಜಿನ್ ಸಿಕ್ಕರೆ ಹಳಿಯ ಪಕ್ಕ ಕಾಗದ ಹಾಸಿ, ಮೂತಿಯ ಮೂಲೆಗೆ ಪೆನ್ಸಿಲ್ ಅಂಟಿಸಿ, ಕೈಯಲ್ಲಿ ತಳ್ಳಿ. ಮೂಡಿದ ಗೆರೆಯೇ ನಿಮ್ಮ ಗಡಿ.

ಎರಡು ವಿರುದ್ಧ ತಿರುವುಗಳ ನಡುವೆ ಅತಿ ಉದ್ದದ ವಾಹನದಷ್ಟಾದರೂ ನೇರ ಹಳಿ ಇರಲಿ. ದೊಡ್ಡ ಎಂಜಿನ್‌ಗೆ ಪಾಯಿಂಟ್ಸ್ (ಹಳಿ ಕವಲೊಡೆಯುವ ಜಾಗ) 6ನೇ ನಂಬರಿನದ್ದು ಬೇಕು; ನಂಬರು ಹೆಚ್ಚಿದಷ್ಟೂ ಕವಲಿನ ಬಾಗು ಕಡಿಮೆ. 4ನೇ ನಂಬರು ಚಿಕ್ಕವಕ್ಕೆ ಸಾಕು.

ಏರಿನ ಲೆಕ್ಕ

ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಸಂಘ ಎನ್‌ಎಂಆರ್‌ಎ ಶಿಫಾರಸಿನಂತೆ 15 ಸೆಂ.ಮೀ. ಡಬ್ಬಿಯ ತೂಕ ಸುಮಾರು 113 ಗ್ರಾಂ. ಹತ್ತು ಡಬ್ಬಿಗೆ 1,130. ಸಲೀಸಾಗಿ ಉರುಳುವ ಡಬ್ಬಿಗೂ ತೂಕದ ಶೇ 2ರಷ್ಟು ಉರುಳು ತಡೆ ಹಿಡಿಯಿರಿ. ಶೇ 2ರ ಏರು (100 ಸೆಂ.ಮೀ. ಉದ್ದಕ್ಕೆ 2 ಸೆಂ.ಮೀ. ಎತ್ತರ) ಸೇರಿದರೆ ಶೇ 4, ಅಂದರೆ 45 ಗ್ರಾಂ ಎಳೆತ.

ರಬ್ಬರ್ ಪಟ್ಟಿ ಇಲ್ಲದ ಲೋಹದ ಚಕ್ರವಾದರೆ ಎಂಜಿನ್ ಎಳೆಯುವುದು ಚಾಲಕ ಚಕ್ರಗಳ ಮೇಲಿನ ಭಾರದ ಹೆಚ್ಚೆಂದರೆ ಕಾಲು ಪಾಲು. 300 ಗ್ರಾಂ ಭಾರವಿರುವ 2-8-0ಗೆ 75 ಗ್ರಾಂ. ಟೆಂಡರ್ (ಎಂಜಿನ್ ಹಿಂದಿನ ಕಲ್ಲಿದ್ದಲು-ನೀರಿನ ಬಂಡಿ) ಸೇರಿ ಒಟ್ಟು 400 ಗ್ರಾಂ ಇದ್ದರೆ ತನ್ನನ್ನೇ ಏರಿಸಿಕೊಳ್ಳಲು 8 ಹೋಗಿ 67 ಉಳಿಯಿತು. ಹತ್ತು ಡಬ್ಬಿ ನಿರಾಯಾಸ. ಅದೇ ಏರು ಶೇ 4 ಆದರೆ ಡಬ್ಬಿಗಳಿಗೇ 68 ಬೇಕು, ಉಳಿದಿರುವುದು 59. ಚಕ್ರ ನಿಂತಲ್ಲೇ ಸುತ್ತುತ್ತದೆ. ಏರಿನಲ್ಲೇ ತಿರುವೂ ಇದ್ದರೆ ಇನ್ನೂ ಕಷ್ಟ.

ಇಲ್ಲಿ ನಮ್ಮ ಅಭಿಪ್ರಾಯ ಸ್ಪಷ್ಟ: ದೊಡ್ಡ ಎಂಜಿನ್ ಕೊಳ್ಳುವ ಬದಲು ಏರನ್ನು ಉದ್ದಕ್ಕೆ ಎಳೆಯಿರಿ. ಅಮೆರಿಕದ ರೈಲು ಕಂಪನಿ ಯೂನಿಯನ್ ಪೆಸಿಫಿಕ್ 1941ರಿಂದ 1944ರವರೆಗೆ 25 ‘ಬಿಗ್ ಬಾಯ್’ಗಳನ್ನು (ಮೇಲೆ ಹೇಳಿದ 4-8-8-4) ತರಿಸಿಕೊಂಡದ್ದು ವಸಾಚ್ ಬೆಟ್ಟಗಳ ಶೇ 1.14ರ ಏರಿಗಾಗಿ. ಲೇಔಟ್‌ನಲ್ಲಿ ಶೇ 4 ಹಾಕಿ 2-8-0ಯನ್ನು ದೂರುವುದು ನ್ಯಾಯವಲ್ಲ.

ಚಿಕ್ಕ ಎಂಜಿನ್ ಎಲ್ಲಿ ನಿಲ್ಲುತ್ತದೆ

ಚಿಕ್ಕದರ ಕಾಯಿಲೆ ವಿದ್ಯುತ್ತಿನದು. ಪಾಯಿಂಟ್ಸ್‌ನಲ್ಲಿ ಹಳಿಗಳು ಕತ್ತರಿಸುವ ಫ್ರಾಗ್ ಭಾಗ ಪ್ಲಾಸ್ಟಿಕ್ಕಿನದಾಗಿದ್ದರೆ, ಅಲ್ಲಿ ಚಕ್ರಕ್ಕೆ ಕರೆಂಟ್ ಇಲ್ಲ. ನಾಲ್ಕೇ ಚಕ್ರದ 0-4-0 ನಿಧಾನವಾಗಿ ಬಂದರೆ ಅಲ್ಲೇ ನಿಲ್ಲುತ್ತದೆ. ಟೆಂಡರ್ ಚಕ್ರಗಳಿಂದಲೂ ಕರೆಂಟ್ ಎತ್ತುವ ಮಾದರಿಯನ್ನೇ ಆರಿಸಿ. ಇಲ್ಲದಿದ್ದರೆ ತಂತಿ ಎಳೆದುಕೊಳ್ಳಬಹುದು, ಆದರೆ ತಂತಿ ತೆಳುವಾಗಿ, ಮೆದುವಾಗಿ ಇರಲಿ. ಬಿರುಸಾದ ತಂತಿ ತಿರುವಿನಲ್ಲಿ ಟೆಂಡರನ್ನೇ ಎತ್ತಿ ಹಳಿ ತಪ್ಪಿಸುತ್ತದೆ. ಡಿಸಿಸಿ (ಹಳಿಯ ಮೂಲಕ ಪ್ರತಿ ಎಂಜಿನ್ನಿಗೂ ಬೇರೆ ಆಜ್ಞೆ ಕಳಿಸುವ ಡಿಜಿಟಲ್ ವ್ಯವಸ್ಥೆ) ಲೇಔಟ್ ಆಗಿದ್ದರೆ, ಆ ಆಜ್ಞೆ ಓದುವ ಡಿಕೋಡರ್ ಜೊತೆ ಕ್ಷಣಕಾಲ ಕರೆಂಟ್ ಹಿಡಿದಿಡುವ ಕೆಪಾಸಿಟರ್ ಹಾಕಿದರೂ ಆಗುತ್ತದೆ. ಚಿಕ್ಕ ಬಾಯ್ಲರಿನಲ್ಲಿ ಜಾಗ ಸಿಗದು, ಟೆಂಡರಿನಲ್ಲೇ ಕೂರಿಸಿ.

ಎಳೆತ ಸಾಲದಿದ್ದರೆ ಬಾಯ್ಲರ್ ಒಳಗೆ ಸೀಸದ ತುಂಡು ಸೇರಿಸಿ, ಭಾರ ಚಾಲಕ ಚಕ್ರಗಳ ನಡುವೆ ಬೀಳುವಂತೆ. ಹಿಂದಕ್ಕೆ ಸರಿದರೆ ಮುಂದಿನ ಚಕ್ರ ಹಗುರಾಗಿ ಹಳಿ ಬಿಡುತ್ತದೆ. ರಬ್ಬರ್ ಪಟ್ಟಿ ಎಳೆತ ಹೆಚ್ಚಿಸುತ್ತದೆ ನಿಜ, ಆದರೆ ಪಟ್ಟಿ ಹಾಕಿದ ಚಕ್ರ ಕರೆಂಟ್ ಎತ್ತುವುದಿಲ್ಲ. 0-4-0ಗೆ ಅದು ದುಬಾರಿ ವ್ಯಾಪಾರ.

ಕೊನೆಗೆ ಟರ್ನ್‌ಟೇಬಲ್, ಅಂದರೆ ಎಂಜಿನ್ನನ್ನು ನಿಲ್ಲಿಸಿ ದಿಕ್ಕು ತಿರುಗಿಸುವ ಹಳಿತುಂಡು. ಬಿಗ್ ಬಾಯ್ ಟೆಂಡರ್ ಸಮೇತ ಎಚ್‌ಒದಲ್ಲಿ ಸುಮಾರು 46.5 ಸೆಂ.ಮೀ.; ಮೊದಲ ಚಕ್ರದಿಂದ ಕಡೆಯ ಚಕ್ರಕ್ಕೇ 41. ನಿಮ್ಮದು 90 ಅಡಿಯ ಮಾದರಿ, ಅಂದರೆ 31.5 ಸೆಂ.ಮೀ. ಆಗಿದ್ದರೆ ಆ ಎಂಜಿನ್ನಿಗೆ ಮನೆ ಸೇರುವ ದಾರಿಯಿಲ್ಲ. ಅಂಥ ಟೇಬಲ್ ಮೇಲೆ 2-8-0 ಆರಾಮವಾಗಿ ತಿರುಗುತ್ತದೆ.