ಎಬಿಜಿ ಚೀಟಿ ಓದುವುದು ಹೇಗೆ? ಮೊದಲು ಪಿಎಚ್ ನೋಡಿ

ಐಸಿಯುಗೆ ಹೊಸದಾಗಿ ಬಂದ ನರ್ಸಿಂಗ್ ವಿದ್ಯಾರ್ಥಿಗಳಿಗೆ ಎಬಿಜಿ, ಅಂದರೆ ಅಪಧಮನಿ ರಕ್ತದ ಅನಿಲ ಪರೀಕ್ಷೆ, ಮಾಡುವ ಯಂತ್ರದ ಚೀಟಿ ಕಂಡರೆ ಗಾಬರಿ. ಅದರ ತುಂಬ ಅಂಕಿಗಳೇ ಅಲ್ವಾ! ಆದರೆ ರಕ್ತದ ಆಸಿಡ್ ಏರುಪೇರು ಹಿಡಿಯಲು ಮೊದಲಿಗೆ ಮೂರು ಅಂಕಿ ಸಾಕು. ಓದುವ ಕ್ರಮ ಮಾತ್ರ ತಪ್ಪಬಾರದು.

1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿತ್ತು. ಉಸಿರಾಡಲಾಗದ ರೋಗಿಗಳ ರಕ್ತದಲ್ಲಿ ಬೈಕಾರ್ಬನೇಟ್ ಎಂಬ ಕ್ಷಾರ ಜಾಸ್ತಿ ಕಂಡಿತು. ಕ್ಷಾರ ಹೆಚ್ಚಿದೆ ಎಂದೇ ವೈದ್ಯರು ತಿಳಿದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಒಪ್ಪಲಿಲ್ಲ. ಉಸಿರು ಸಾಲದೆ ಕಾರ್ಬನ್ ಡೈಆಕ್ಸೈಡ್ ತುಂಬಿಕೊಂಡು ರಕ್ತದಲ್ಲಿ ಆಸಿಡ್ ಹೆಚ್ಚಿದೆ ಎಂದರು. ರಕ್ತದ ಆಸಿಡ್ ಮಟ್ಟ ತೋರುವ ಪಿಎಚ್ ಅಳೆದಾಗ ಅವರ ಮಾತೇ ನಿಜವಾಯಿತು. ವೈದ್ಯ ವಿದ್ಯಾರ್ಥಿಗಳು ಸರದಿಯಲ್ಲಿ ಕೂತು, ಕೈಯಲ್ಲೇ ಬ್ಯಾಗ್ ಒತ್ತಿ ಉಸಿರು ಕೊಟ್ಟರು. ಎಷ್ಟೋ ಜೀವ ಉಳಿದವು. ಅದಕ್ಕೇ ನಾನು ಪಿಎಚ್ ಮೊದಲು ಎಂದು ಹಟ ಹಿಡಿಯುವುದು.

ರಕ್ತವನ್ನು ಸಾಮಾನ್ಯವಾಗಿ ಮಣಿಕಟ್ಟಿನ ಅಪಧಮನಿಯಿಂದ, ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಇರುವ ಸಿರಿಂಜಿಗೆ ತೆಗೆಯುತ್ತೇವೆ. ಗಾಳಿಗುಳ್ಳೆ ಇದ್ದರೆ ಕೂಡಲೇ ಹೊರಹಾಕಿ. ಸೂಜಿ ತೆಗೆದ ಜಾಗವನ್ನು ಐದು ನಿಮಿಷವಾದರೂ ಒತ್ತಿ ಹಿಡಿಯಿರಿ.

ಮೊದಲ ಹೆಜ್ಜೆ, ಪಿಎಚ್. 7.35ರಿಂದ 7.45 ಸರಿ. ಕೆಳಗಿದ್ದರೆ ಅಸಿಡೋಸಿಸ್ (ಆಸಿಡ್ ಹೆಚ್ಚು), ಮೇಲಿದ್ದರೆ ಆಲ್ಕಲೋಸಿಸ್ (ಕ್ಷಾರ ಹೆಚ್ಚು).

ಎರಡನೆಯದು, ಕಾರ್ಬನ್ ಡೈಆಕ್ಸೈಡ್. 35ರಿಂದ 45 ಇರಬೇಕು. ಇದು ಉಸಿರಾಟದ ಲೆಕ್ಕ. ಇದು ಏರಿದರೆ ಪಿಎಚ್ ಇಳಿಯುತ್ತದೆ. ಮೂರನೆಯದು, ಬೈಕಾರ್ಬನೇಟ್. 22ರಿಂದ 26. ಇದನ್ನು ಕಾಯುವುದು ಮುಖ್ಯವಾಗಿ ಕಿಡ್ನಿ. ಇದು ಇಳಿದರೆ ಪಿಎಚ್ ಕೂಡ ಇಳಿಯುತ್ತದೆ. ಪಿಎಚ್ ವಾಲಿದ ಕಡೆಗೇ ಎಳೆಯುತ್ತಿರುವುದು ಯಾವುದೋ, ಮೂಲ ತೊಂದರೆ ಅಲ್ಲಿದೆ.

ಒಂದು ಉದಾಹರಣೆ ನೋಡೋಣ. ಸಕ್ಕರೆ ಕಾಯಿಲೆಯ ಹುಡುಗ, ಇನ್ಸುಲಿನ್ ತಪ್ಪಿಸಿದ್ದಾನೆ, ಏದುಸಿರು ಬಿಡುತ್ತಿದ್ದಾನೆ. ಪಿಎಚ್ 7.18, ಕಾರ್ಬನ್ ಡೈಆಕ್ಸೈಡ್ 22, ಬೈಕಾರ್ಬನೇಟ್ 8. ಪಿಎಚ್ ಇಳಿದಿದೆ. ಕಾರ್ಬನ್ ಡೈಆಕ್ಸೈಡ್ ಕಮ್ಮಿಯಿದೆ, ಹಾಗಾಗಿ ತಪ್ಪು ಅದರದ್ದಲ್ಲ. ಬೈಕಾರ್ಬನೇಟ್ ಕುಸಿದಿದೆ. ಅಂದರೆ ಮೆಟಬಾಲಿಕ್ ಅಸಿಡೋಸಿಸ್, ಮೂಲ ತೊಂದರೆ ಉಸಿರಾಟದ್ದಲ್ಲ. ಆ ಏದುಸಿರು ಆಸಿಡ್ ತಗ್ಗಿಸಲು ದೇಹವೇ ಮಾಡುತ್ತಿರುವ ಕೆಲಸ.

ಆ ಕೆಲಸ ಸಾಕಷ್ಟು ಆಗುತ್ತಿದೆಯಾ? ಬೈಕಾರ್ಬನೇಟನ್ನು ಒಂದೂವರೆಯಿಂದ ಗುಣಿಸಿ 8 ಕೂಡಿಸಿ. 12ಕ್ಕೆ 8 ಸೇರಿ 20, ಕಾರ್ಬನ್ ಡೈಆಕ್ಸೈಡ್ ಇಷ್ಟಿರಬೇಕು. ಎರಡು ಹೆಚ್ಚುಕಮ್ಮಿ ಇರಬಹುದು. ಇವನದು 22, ಸರಿಯಿದೆ. 35 ಬಂದಿದ್ದರೆ? ಹುಡುಗ ಉಸಿರಾಡಿ ಸುಸ್ತಾಗುತ್ತಿರಬಹುದು, ಓಡಿಹೋಗಿ ನೋಡಬೇಕು.

ಇನ್ನು ಆನಯಾನ್ ಗ್ಯಾಪ್, ಅಂದರೆ ನಾವು ಲೆಕ್ಕಕ್ಕೆ ಹಿಡಿಯದ ಋಣ ಅಯಾನುಗಳ ಅಂತರ. ಸೋಡಿಯಂನಿಂದ ಕ್ಲೋರೈಡ್ ಮತ್ತು ಬೈಕಾರ್ಬನೇಟ್ ಎರಡನ್ನೂ ಕಳೆಯಿರಿ. ಈ ಹುಡುಗನ ಸೋಡಿಯಂ 136, ಕ್ಲೋರೈಡ್ 100 ಎಂದುಕೊಳ್ಳಿ; 136ರಲ್ಲಿ 100 ಮತ್ತು 8 ಹೋದರೆ 28. ಸಾಮಾನ್ಯವಾಗಿ 12ರ ಒಳಗಿರುತ್ತದೆ. ಇಲ್ಲಿ ಆ ಜಾಗ ತುಂಬಿರುವುದು ಕೀಟೋನ್ ಆಸಿಡ್. ಭೇದಿಯಿಂದ ಬರುವ ಅಸಿಡೋಸಿಸ್‌ನಲ್ಲಿ ಈ ಅಂತರ ಸಾಮಾನ್ಯವಾಗಿ ಹೆಚ್ಚುವುದಿಲ್ಲ.

ಪಿಎಚ್ ಸರಿಯಿದೆ ಎಂದು ಚೀಟಿ ಮಡಚಿಡಬೇಡಿ. ವರ್ಷಗಟ್ಟಲೆ ಬೀಡಿ ಸೇದಿ ಶ್ವಾಸಕೋಶ ಕೆಟ್ಟ ಅಜ್ಜನಿಗೆ ಪಿಎಚ್ 7.36 ಇರಬಹುದು. ಆದರೆ ಕಾರ್ಬನ್ ಡೈಆಕ್ಸೈಡ್ 60, ಬೈಕಾರ್ಬನೇಟ್ 33! ಕಿಡ್ನಿ ಹಲವು ದಿನ ದುಡಿದು ಸರಿದೂಗಿಸಿದೆ. ಇಂಥವರಿಗೆ ಆಕ್ಸಿಜನ್ ಕೊಡುವಾಗ ಅಳತೆ ಮೀರಬಾರದು. ಸ್ಯಾಚುರೇಶನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) ಶೇಕಡ 88ರಿಂದ 92 ಇದ್ದರೆ ಸಾಕು.