ಪಿಝಡ್ ಟೆಲ್ ಪಕ್ಕದ ಚುಕ್ಕೆ: ನನ್ನ ಅನುಭವ

"ಸುಮ್ನೆ ಡಿಸ್ಕ್ ತುಂಬಿಸ್ತಾ ಇದೀಯ ಕಣೋ" ಅಂತ ಗೆಳೆಯರು ನಗುತ್ತಿದ್ದರು. ಎರಡು ವರ್ಷ ಅವರ ಮಾತೇ ನಿಜವಾಗಿತ್ತು. ಎಳೆಯ ನಕ್ಷತ್ರಗಳ ಪಕ್ಕ ಅಡಗಿರೋ, ಗ್ರಹದಂಥ ಮಂಕು ಸಂಗಾತಿಗಳನ್ನು ಹುಡುಕೋದು ನನ್ನ ಹುಚ್ಚು. ಅಂಥ ನಕ್ಷತ್ರಗಳ ಪಟ್ಟಿ ಇಟ್ಟುಕೊಂಡು, ಚಿಲಿಯ ದೊಡ್ಡ ದೂರದರ್ಶಕ ವಿಎಲ್‌ಟಿಯ ನಾಕೋ ಕ್ಯಾಮೆರಾದ ಹಳೇ ಫ್ರೇಮುಗಳನ್ನು ಇಎಸ್ಒ (ಯುರೋಪಿನ ಖಗೋಳ ಸಂಸ್ಥೆ) ಆರ್ಕೈವ್‌ನಿಂದ ಇಳಿಸಿಕೊಂಡು, ಒಂದೊಂದಾಗಿ ಪಿಸಿಎಗೆ (ನಕ್ಷತ್ರದ ಬೆಳಕನ್ನು ಚಿತ್ರದಿಂದ ಕಳೆಯುವ ಲೆಕ್ಕ) ಹಾಕುತ್ತಿದ್ದೆ. ಡೇಟಾ ಪುಕ್ಕಟೆ, ಇಟ್ಟುಕೊಳ್ಳೋದಕ್ಕೆ ದುಡ್ಡು. ಹಾರ್ಡ್ ಡಿಸ್ಕಿಗೇ 15 ಸಾವಿರದ ಹತ್ತಿರ ಹೋಯ್ತು. ಒಮ್ಮೆ ಬಾಡಿಗೆ ಸರ್ವರ್ ಆಫ್ ಮಾಡದೆ ಹಬ್ಬಕ್ಕೆ ಊರಿಗೆ ಹೋಗಿದ್ದೆ. ವಾಪಸ್ ಬಂದರೆ 11 ಸಾವಿರದ ಬಿಲ್. ಮನೆಯಲ್ಲಿ ಇವತ್ತಿಗೂ ಹೇಳಿಲ್ಲ.

ಜಾಸ್ತಿ ನೋವಾಗಿದ್ದು ಒಂದು ಚುಕ್ಕೆಯಿಂದ. ನಕ್ಷತ್ರದಿಂದ ಸುಮಾರು 3 ಆರ್ಕ್‌ಸೆಕೆಂಡ್ ದೂರ (ಒಂದು ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3,600ರಲ್ಲೊಂದು ಪಾಲು), ದುಂಡಗೆ, ಚೊಕ್ಕವಾಗಿತ್ತು. ಎರಡು ವಾರ ನಿದ್ದೆ ಇಲ್ಲ. ಆಮೇಲೆ ಅದೇ ನಕ್ಷತ್ರದ ಮೂರು ವರ್ಷ ಹಿಂದಿನ ಫ್ರೇಮ್ ಸಿಕ್ಕಿತು. ನಕ್ಷತ್ರ ಸರಿದಿತ್ತು, ಚುಕ್ಕೆ ಇದ್ದಲ್ಲೇ ಇತ್ತು. ಸಂಗಾತಿಯಾಗಿದ್ದರೆ ಜೊತೆಗೇ ಸರಿಯಬೇಕಿತ್ತು. ಹಿಂದೆಲ್ಲೋ ದೂರದಲ್ಲಿರುವ ಬೇರೆ ನಕ್ಷತ್ರ, ಅಷ್ಟೇ.

ಆಗ ದಾರಿ ಬದಲಿಸಿದೆ. ನಕ್ಷತ್ರಗಳ ಚಲನೆ ಅಳೆದ ಉಪಗ್ರಹಗಳು ಎರಡು: ಹಿಪ್ಪಾರ್ಕಸ್, ಗಾಯಾ. ಹಿಪ್ಪಾರ್ಕಸ್ ಅಳೆದ ಚಲನೆಗೂ ಗಾಯಾ ಅಳೆದ ಚಲನೆಗೂ ಸುಮಾರು 25 ವರ್ಷದ ಅಂತರ. ಅಷ್ಟರಲ್ಲಿ ನಡಿಗೆ ಬದಲಿಸಿದ ನಕ್ಷತ್ರಗಳನ್ನಷ್ಟೇ ಉಳಿಸಿಕೊಂಡೆ. ಪಕ್ಕದಲ್ಲಿ ಭಾರದ್ದೊಂದು ಎಳೆಯುತ್ತಿದ್ದರೆ ತಾನೇ ನಡಿಗೆ ತಪ್ಪೋದು? 60ರಷ್ಟಿದ್ದ ಪಟ್ಟಿ 7ಕ್ಕೆ ಇಳಿಯಿತು.

(ನಡುವೆ ಮಹಡಿ ಮೇಲೆ 8 ಇಂಚಿನ ದೂರದರ್ಶಕ ಇಟ್ಟು ಜೋಡಿ ನಕ್ಷತ್ರಗಳ ಮೇಲೆ ಇದೇ ಪಿಸಿಎ ಲೆಕ್ಕ ಪ್ರಯೋಗಿಸಿದೆ. ಬೆಂಗಳೂರಿನ ಗಾಳಿಯಲ್ಲಿ ನಕ್ಷತ್ರ ಬೇಯುವ ಮುದ್ದೆ ಥರ ಕುದಿಯುತ್ತೆ. ಬಿಟ್ಟುಬಿಟ್ಟೆ.)

ಆ ಏಳರಲ್ಲಿ ಪರೀಕ್ಷೆಗೆ ಪಿಝಡ್ ಟೆಲ್ ಅನ್ನೋ ನಕ್ಷತ್ರ ಆರಿಸಿದೆ. ಬೀಟಾ ಪಿಕ್ಟೋರಿಸ್ ಅನ್ನೋ ಎಳೆಯ ನಕ್ಷತ್ರಗಳ ಗುಂಪಿನದು, ವಯಸ್ಸು 2 ಕೋಟಿ ವರ್ಷ ಚಿಲ್ಲರೆ, ಇನ್ನೂ ಕೂಸು. ಅದರ ಸಂಗಾತಿ ಕಂದು ಕುಬ್ಜ (ಗ್ರಹಕ್ಕಿಂತ ಭಾರ, ನಕ್ಷತ್ರವಾಗಲು ಸಾಲದ್ದು) 2010ರಲ್ಲೇ ಸಿಕ್ಕಿದ್ದು, ಹೊಸದೇನಲ್ಲ. ಆದರೆ ಯಾವ ದಿಕ್ಕಿನಲ್ಲಿದೆ, ಎಷ್ಟು ದೂರ ಅಂತ ನೋಡದೆ ಶುರು ಮಾಡಿದೆ. ಮೊದಲು ಪಿಸಿಎಗೆ 20 ಕಾಂಪೊನೆಂಟ್ (ಕಳೆಯಬೇಕಾದ ಬೆಳಕಿನ ಮಾದರಿಗಳು) ಹಾಕಿದೆ, ಖಾಲಿ. ನಕ್ಷತ್ರಕ್ಕೆ ಇಷ್ಟು ಹತ್ತಿರದಲ್ಲಿ, ಫ್ರೇಮಿಂದ ಫ್ರೇಮಿಗೆ ಆಕಾಶ ತಿರುಗೋದು ಕೆಲವೇ ಪಿಕ್ಸೆಲ್. ಸ್ಪೆಕಲ್ (ನಕ್ಷತ್ರದ ಬೆಳಕು ಚದುರಿ ಮೂಡುವ ಸುಳ್ಳು ಚುಕ್ಕೆಗಳು) ಜೊತೆ ಸಂಗಾತಿಯನ್ನೂ ಪಿಸಿಎ ನುಂಗಿಬಿಡುತ್ತದೆ. 5ಕ್ಕೆ ಇಳಿಸಿದೆ. ಕೆಟ್ಟ ಫ್ರೇಮುಗಳನ್ನು ಕಿತ್ತೆಸೆದೆ. ಯಾವುದು ಕೆಟ್ಟದ್ದು ಅಂತ ಹೇಗೆ ತೀರ್ಮಾನಿಸಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಬಂತು! ನಕ್ಷತ್ರಕ್ಕೆ ಅಂಟಿಕೊಂಡಂತೆ ಒಂದು ಬಿಳಿ ಕಾಳು, 0.35 ಆರ್ಕ್‌ಸೆಕೆಂಡ್ ಆಸುಪಾಸು. ಆಮೇಲಷ್ಟೇ ಅದನ್ನು ಕಂಡುಹಿಡಿದವರ ಪ್ರಬಂಧ ತೆರೆದೆ. 2009ರಲ್ಲಿ 0.33, 2010ರಲ್ಲಿ 0.36. ಹೊರಕ್ಕೆ ಓಡುತ್ತಿರುವ ಸಂಗಾತಿ. 2003ರ ನಾಕೋ ಚಿತ್ರದಲ್ಲಿ ಕಾಣದೇ ಹೋದದ್ದೂ ಅದಕ್ಕೇ, ಆಗ ಇನ್ನೂ ಒಳಗಿತ್ತು.

ನಕ್ಕವರಲ್ಲಿ ಒಬ್ಬರು ಈಗ ನನ್ನ ಪಟ್ಟಿ ಕೇಳುತ್ತಿದ್ದಾರೆ. ಉಳಿದ ಆರರಲ್ಲಿ ಮೂರು ಖಾಲಿ. ಒಂದರಲ್ಲಿ ಏನೋ ಕಾಣುತ್ತಿದೆ. ಬೇರೆ ವರ್ಷದ ಫ್ರೇಮ್ ಸಿಗೋವರೆಗೂ ಬಾಯಿ ಬಿಡಲ್ಲ.